ಚಳಿ ತಡೆದುಕೊಂಡರೆ ದೊಡ್ಡಸ್ತಿಕೆಯೇ?



ಕಳೆದ ನವೆಂಬರಿನ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಡೆದ ಮಾತು ಇದು. ಬಿಸಿಬೇಳೆ ಭಾತಿನ ಪಾತ್ರೆ ಇನ್ನೂ ಹತ್ತು ಜನರ ಆಚೆಗಿತ್ತು. ನನ್ನ ಮುಂದಿದ್ದ ಹಿರಿಯರೊಬ್ಬರು ತಿರುಗಿ, "ಏನ್ರೀ, ಹೀಟಿಂಗ್ ಹಾಕಿದಿರಾ?" ಎಂದು ಕೇಳಿದರು. "ಅಕ್ಟೋಬರಿನಲ್ಲೇ ಹಾಕಿದೆವು ಸಾರ್" ಎಂದೆ. ಅವರ ಮುಖದಲ್ಲಿ ಕನಿಕರ ಮೂಡಿತು. "ನಾವು ಡಿಸೆಂಬರ್ ತನಕ ಅದನ್ನು ಮುಟ್ಟುವುದಿಲ್ಲಪ್ಪ" ಎಂದರು. ಅವರ ಮುಂದಿದ್ದವರು "ನಾವು ಕ್ರಿಸ್‌ಮಸ್ ತನಕ" ಎಂದರು. ಅವರಿಗಿಂತ ಮುಂದಿದ್ದವರು "ನಮ್ಮಲ್ಲಿ ನೆಂಟರು ಬಂದರೆ ಮಾತ್ರ" ಎಂದು ಹೇಳಿ ಪಂದ್ಯ ಗೆದ್ದೇಬಿಟ್ಟರು! ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಆ ಪಂದ್ಯವನ್ನು ನಾವು ಇನ್ನು ನಿಲ್ಲಿಸಬೇಕು ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಚಳಿ ತಡೆದುಕೊಳ್ಳುವುದಕ್ಕೆ ನಾವು ಮಿತವ್ಯಯ ಎನ್ನುತ್ತೇವೆ, ಸರಳ ಜೀವನ ಎನ್ನುತ್ತೇವೆ, ಸಭೆಯಲ್ಲಿ ಮಾತು ಜೋರಾದರೆ ಸಂಸ್ಕೃತಿ ಎಂದೂ ಅನ್ನುತ್ತೇವೆ. ನನ್ನ ಅನುಭವದಲ್ಲಿ ಅದು ಅರ್ಧ ಬಿಲ್ಲಿನ ಹೆದರಿಕೆ, ಇನ್ನರ್ಧ ಯಂತ್ರದ ಅಜ್ಞಾನ. ಈ ಪಂದ್ಯದಲ್ಲಿ ಚಪ್ಪಾಳೆ ನಮಗೆ. ಚಳಿ ಮಾತ್ರ ಹಗಲಿಡೀ ಮನೆಯಲ್ಲೇ ಕೂರುವ ನಮ್ಮ ಅಪ್ಪ ಅಮ್ಮಂದಿರಿಗೆ ಮತ್ತು ಹಸುಗೂಸುಗಳಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಜವಾಗಿ ಹಣ ಸಾಲದೆ ಚಳಿಯಲ್ಲಿ ಕೂರುವವರ ಬಗ್ಗೆ ನಾನು ಮಾತಾಡುತ್ತಿಲ್ಲ. 2022ರಲ್ಲಿ ಅನಿಲದ ದರ ಏರಿದ ರೀತಿಯನ್ನು ಈ ದೇಶದಲ್ಲಿ ಯಾರೂ ಮರೆತಿಲ್ಲ. ಬಾಡಿಗೆ ಕೋಣೆಗಳಲ್ಲಿರುವ ವಿದ್ಯಾರ್ಥಿಗಳು, ಹೊಸದಾಗಿ ಬಂದ ನರ್ಸುಗಳು ಎಷ್ಟೋ ಜನರಿಗೆ ಹೀಟಿಂಗಿನ ಗುಂಡಿ ತಮ್ಮ ಕೈಯಲ್ಲೇ ಇಲ್ಲ. ನನ್ನ ಜಗಳ ಅವರೊಂದಿಗಲ್ಲ. ಎರಡು ಕಾರು ನಿಲ್ಲಿಸಿಕೊಂಡು, ಮಗಳ ಹುಟ್ಟುಹಬ್ಬಕ್ಕೆ ಹಾಲ್ ಬಾಡಿಗೆ ಹಿಡಿದು, ಮನೆಯೊಳಗೆ ಮಾತ್ರ 14 ಡಿಗ್ರಿಯಲ್ಲಿ ಕೂತು ಹೆಮ್ಮೆಪಡುವ ನನ್ನಂಥವರೊಂದಿಗೆ.

ಹೌದು, ನನ್ನಂಥವರು. ಆ ಪಂದ್ಯದಲ್ಲಿ ನಾನೂ ಹಳೆಯ ಆಟಗಾರನೇ. ನಮ್ಮದು ಮಿಡ್‌ಲ್ಯಾಂಡ್ಸಿನ ಹಳೆಯ ಮನೆ. ಹೋದ ಸೆಪ್ಟೆಂಬರಿನ ತನಕ ಅಲ್ಲಿ ರಾತ್ರಿಯ ಅಗ್ಗದ ವಿದ್ಯುತ್ತಿನಲ್ಲಿ ಒಳಗಿನ ಇಟ್ಟಿಗೆಗಳನ್ನು ಕಾಯಿಸಿಕೊಳ್ಳುವ ಸ್ಟೋರೇಜ್ ಹೀಟರುಗಳಿದ್ದವು. ಬೆಳಿಗ್ಗೆ ಕೈ ಸುಡುವಷ್ಟು ಬಿಸಿ, ಸಂಜೆ ನಾವು ಮನೆಗೆ ಬರುವ ಹೊತ್ತಿಗೆ ಕಲ್ಲಿನ ಹಾಗೆ ತಣ್ಣಗೆ. ಸಂಜೆ ಎಲ್ಲರೂ ಒಂದೇ ಕೋಣೆಯಲ್ಲಿ ಒಂದು ಫ್ಯಾನ್ ಹೀಟರಿನ ಸುತ್ತ ಕೂರುತ್ತಿದ್ದೆವು. ಕೊನೆಗೆ ಅನಿಲದ ಸೆಂಟ್ರಲ್ ಹೀಟಿಂಗ್ ಹಾಕಿಸಿದೆವು. ಅಡಿಗೆಮನೆಯ ಗೋಡೆಗೆ ಬಾಯ್ಲರ್, ಮನೆತುಂಬ ಒಂಬತ್ತು ರೇಡಿಯೇಟರ್, ನಡುಮನೆಯ ಗೋಡೆಯ ಮೇಲೆ ಥರ್ಮೋಸ್ಟಾಟ್. "ಈ ಕಾಲದಲ್ಲಿ ಗ್ಯಾಸ್ ಏಕೆ? ಹೀಟ್ ಪಂಪಿಗೆ ಸರ್ಕಾರ 7,500 ಪೌಂಡ್ ಸಹಾಯಧನ ಕೊಡುತ್ತದಲ್ಲ?" ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನಮ್ಮ ಹಿತ್ತಿಲಿನ ಅಳತೆ, ಹಳೆಯ ಗೋಡೆಗಳ ಸ್ಥಿತಿ, ಕೈಯಲ್ಲಿದ್ದ ಹಣ ಮೂರನ್ನೂ ಲೆಕ್ಕ ಹಾಕಿ ನಾವು ಗ್ಯಾಸ್ ಆರಿಸಿದೆವು. ಅದನ್ನು ಸಮರ್ಥಿಸಲು ಈ ಲೇಖನ ಬರೆಯುತ್ತಿಲ್ಲ.

ಅಕ್ಟೋಬರಿನಲ್ಲಿ ಮಲೆನಾಡಿನಿಂದ ಅಮ್ಮ ಬಂದರು. ವಯಸ್ಸು 76. ಮನೆ 20 ಡಿಗ್ರಿಯಲ್ಲಿ ಬೆಚ್ಚಗಿತ್ತು, ಎಲ್ಲರೂ ಸಂತೋಷವಾಗಿದ್ದೆವು. ನವೆಂಬರಿನಲ್ಲಿ ರಾಜ್ಯೋತ್ಸವ ಬಂತು, ಊಟದ ಸಾಲು ಬಂತು. ಆ ರಾತ್ರಿ ಮನೆಗೆ ಬಂದವನೇ ಥರ್ಮೋಸ್ಟಾಟನ್ನು 16ಕ್ಕೆ ಇಳಿಸಿದೆ. ಊಟಕ್ಕೆ ಕೂತಾಗ ಮಿತವ್ಯಯದ ಬಗ್ಗೆ ಒಂದು ಪುಟ್ಟ ಭಾಷಣವನ್ನೂ ಮಾಡಿದೆ. "ಈ ಬಿಲ್ ನೋಡಿದರೆ ಎದೆ ಒಡೆಯುತ್ತೆ" ಎಂದೆ. ಹೆಂಡತಿ ಏನೂ ಹೇಳಲಿಲ್ಲ. ಅಮ್ಮನೂ ಏನೂ ಹೇಳಲಿಲ್ಲ.

ಜನವರಿಯಲ್ಲಿ ಅಮ್ಮನಿಗೆ ಕೆಮ್ಮು ಹಿಡಿಯಿತು. ಮೂರು ವಾರವಾದರೂ ಬಿಡಲಿಲ್ಲ. ಡಾಕ್ಟರು ಎದೆ ಪರೀಕ್ಷಿಸಿ ಔಷಧಿ ಬರೆದು, ಏಳುವಾಗ ಒಂದು ಪ್ರಶ್ನೆ ಕೇಳಿದರು: "ಹಗಲು ಹೊತ್ತು ಇವರ ಕೋಣೆ ಎಷ್ಟು ಡಿಗ್ರಿ ಇರುತ್ತದೆ?" ನನಗೆ ಗೊತ್ತಿರಲಿಲ್ಲ. ನಾನು ಹಗಲು ಹೊತ್ತು ಆಫೀಸಿನಲ್ಲಿ 21 ಡಿಗ್ರಿಯಲ್ಲಿ ಕೂತಿರುತ್ತೇನೆ!

ಒಂದು ಪುಟ್ಟ ಥರ್ಮಾಮೀಟರ್ ಕೊಂಡು ಅಮ್ಮನ ಕೋಣೆಯಲ್ಲಿಟ್ಟೆ. ಒಂದು ದಿನ ಹೇಳದೆ ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದೆ. ಕೋಣೆ 13 ಡಿಗ್ರಿ. ಬಾಯ್ಲರ್ ಪೂರ್ತಿ ಆರಿತ್ತು. ಅಮ್ಮ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಕಂಬಳಿ ಹೊದ್ದು, ಹಳೆಯ ಫ್ಯಾನ್ ಹೀಟರನ್ನು ಕಾಲ ಬುಡದಲ್ಲಿಟ್ಟುಕೊಂಡು ಕೂತಿದ್ದರು. ಭಾಷಣದ ಮಾರನೆಯ ದಿನದಿಂದ ನಾವು ಕೆಲಸಕ್ಕೆ ಹೊರಟ ಮೇಲೆ ಹೀಟಿಂಗ್ ಆರಿಸಿ, ನಾವು ಬರುವ ಅರ್ಧ ಗಂಟೆ ಮೊದಲು ಮತ್ತೆ ಹಾಕುತ್ತಿದ್ದರಂತೆ. ಏಕಮ್ಮ ಎಂದರೆ, "ಆ ಡಬ್ಬ ಗುರ್ ಅಂದಾಗೆಲ್ಲ ನಿನ್ನ ಸಂಬಳ ಉರಿದ ಹಾಗೆ ಆಗ್ತದೆ ಕಣೋ. ನಂಗೇನು, ಇದೊಂದು ಸಣ್ಣದು ಸಾಕು" ಎಂದರು.

ಬಂಧುಗಳೇ, ಊಟದ ಸಾಲಿನಲ್ಲಿ ನಾವು ಆಡುವ ಪಂದ್ಯದ ನಿಜವಾದ ಆಟಗಾರರು ಇವರು.

ನಮ್ಮ ಹಿರಿಯರ ಕಥೆ ನನಗೆ ಗೊತ್ತಿದೆ. 1960ರ ದಶಕದಲ್ಲಿ ಇಲ್ಲಿಗೆ ಬಂದವರು ಬಾಡಿಗೆ ಕೋಣೆಯಲ್ಲಿ ಗ್ಯಾಸ್ ಮೀಟರಿಗೆ ಶಿಲ್ಲಿಂಗ್ ಹಾಕಿ, ನಾಣ್ಯ ಮುಗಿದಾಗ ಕೋಟು ಹಾಕಿಕೊಂಡೇ ಮಲಗಿದವರು. ಆಗ ಮನೆಗಳಿಗೆ ಬರುತ್ತಿದ್ದದ್ದು ಬಹುಮಟ್ಟಿಗೆ ಕಲ್ಲಿದ್ದಲಿನಿಂದ ತೆಗೆದ ಅನಿಲ. ಉತ್ತರ ಸಮುದ್ರದ ಅನಿಲ ಬಂದ ಮೇಲೆ 1967ರಿಂದ 1977ರ ತನಕ ಹತ್ತು ವರ್ಷ ಮನೆಮನೆಗೆ ಹೋಗಿ ಒಲೆ, ಹೀಟರುಗಳನ್ನೆಲ್ಲ ಹೊಸ ಅನಿಲಕ್ಕೆ ಹೊಂದಿಸಿದರು. ಸೆಂಟ್ರಲ್ ಹೀಟಿಂಗ್ ಸಾಮಾನ್ಯರ ಮನೆಗೆ ಇಳಿದದ್ದು ಆ ಕಾಲದಲ್ಲೇ. ಆ ಹಿರಿಯರು ಪಟ್ಟ ಕಷ್ಟಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರು ಚಳಿಯಲ್ಲಿ ಮಲಗಿದ್ದು ಬೇರೆ ದಾರಿಯಿಲ್ಲದೆ. ದಾರಿಯಿದ್ದೂ ಮಲಗುವುದರಲ್ಲಿ ಏನು ಶೌರ್ಯ?

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮನೆ ಮತ್ತು ಆರೋಗ್ಯದ ಬಗ್ಗೆ ಕೊಟ್ಟ ಮಾರ್ಗಸೂಚಿ ಹೇಳುವುದು ಇಷ್ಟು: ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು, ವೃದ್ಧರು, ಮಕ್ಕಳು, ದೀರ್ಘ ಕಾಯಿಲೆಯವರು ಇದ್ದರೆ ಇನ್ನೂ ಹೆಚ್ಚು ಬೇಕಾಗಬಹುದು. ತಣ್ಣನೆಯ ಮನೆಯಲ್ಲಿ ರಕ್ತದೊತ್ತಡ ಏರುತ್ತದೆ, ಉಸಿರಾಟದ ತೊಂದರೆ ಹೆಚ್ಚುತ್ತದೆ. ನಮ್ಮ ಸಂಘದಲ್ಲಿ ಡಾಕ್ಟರುಗಳಿಗೆ ಬರವಿಲ್ಲ, ಇದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಆದರೂ ಊಟದ ಸಾಲಿನಲ್ಲಿ ಅವರೂ "ಕ್ರಿಸ್‌ಮಸ್ ತನಕ" ಎನ್ನುತ್ತಾರೆ!

ಇನ್ನು ಉಳಿತಾಯದ ಲೆಕ್ಕಕ್ಕೆ ಬರೋಣ. ಅಮ್ಮನ ಕಾಲ ಬುಡದಲ್ಲಿದ್ದ "ಸಣ್ಣದು" 2 ಕಿಲೋವಾಟಿನದು. ಆರು ಗಂಟೆ ಉರಿದರೆ 12 ಯೂನಿಟ್ ವಿದ್ಯುತ್. ಈ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಬೆಲೆ ಒಂದು ಯೂನಿಟ್ ಅನಿಲದ ಮೂರು ನಾಲ್ಕು ಪಟ್ಟು. ದೊಡ್ಡ ಡಬ್ಬ ಅಂದರೆ ದೊಡ್ಡ ಖರ್ಚು, ಸಣ್ಣ ಡಬ್ಬ ಅಂದರೆ ಸಣ್ಣ ಖರ್ಚು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದೆಯೋ! ಒಂದೇ ಕೋಣೆ ಬೆಚ್ಚಗಿದ್ದರೆ ಸಾಕು ಎನ್ನುವಿರಾದರೆ ಅದಕ್ಕೂ ದಾರಿಯಿದೆ. ರೇಡಿಯೇಟರಿನ ಪಕ್ಕ 1ರಿಂದ 5ರ ತನಕ ಅಂಕಿಯಿರುವ ವಾಲ್ವ್ ಇರುತ್ತದೆ. ಜನರಿರುವ ಕೋಣೆಯಲ್ಲಿ 3 ಇಡಿ, ಯಾರೂ ಇಲ್ಲದ ಕೋಣೆಯಲ್ಲಿ 1 ಇಡಿ, ಬಾಗಿಲು ಮುಚ್ಚಿ. ಕೆಲಸ ಮುಗಿಯಿತು. ಆದರೆ ಥರ್ಮೋಸ್ಟಾಟ್ ಇರುವ ಕೋಣೆಯ ರೇಡಿಯೇಟರನ್ನು ಮಾತ್ರ ಮುಚ್ಚಬೇಡಿ. ಆ ಜಾಗ ಬೆಚ್ಚಗಾಗದೆ ಬಾಯ್ಲರ್ ಉರಿಯುತ್ತಲೇ ಇರುತ್ತದೆ. ನಾವು ಮೊದಲ ವಾರ ಮಾಡಿದ ತಪ್ಪು ಅದೇ.

ಎರಡನೆಯ ತಪ್ಪು ನನ್ನ ಮಗನದು. ಶಾಲೆಯಿಂದ ಬಂದವನೇ ಥರ್ಮೋಸ್ಟಾಟನ್ನು 28ಕ್ಕೆ ತಿರುಗಿಸುತ್ತಿದ್ದ, ಬೇಗ ಬಿಸಿಯಾಗಲಿ ಎಂದು. ಅದೇನು ಕಾರಿನ ಆಕ್ಸಿಲರೇಟರೇ? 28 ಎಂದರೂ 20 ಎಂದರೂ ಕೋಣೆ 20ಕ್ಕೆ ಬರುವುದು ಅಷ್ಟೇ ಹೊತ್ತಿನಲ್ಲಿ. ವ್ಯತ್ಯಾಸವೆಂದರೆ 28 ಎಂದರೆ ಅಲ್ಲಿಗೆ ನಿಲ್ಲುವುದಿಲ್ಲ. ಆಮೇಲೆ ಸೆಕೆಯಾಯಿತು ಎಂದು ಕಿಟಕಿ ತೆರೆಯುತ್ತೇವೆ, ತಣ್ಣಗಾಯಿತು ಎಂದು ಮತ್ತೆ ತಿರುಗಿಸುತ್ತೇವೆ. ಅಪ್ಪ ಇಳಿಸುವುದು, ಮಗ ಏರಿಸುವುದು, ಅಜ್ಜಿ ಆರಿಸುವುದು! ಒಂದು ಮನೆಯಲ್ಲಿ ಮೂರು ಸರ್ಕಾರ. ಎಲ್ಲರೂ ಒಮ್ಮೆ ಕೂತು ಮಾತಾಡಿ ಒಂದು ಅಂಕಿಗೆ ಒಪ್ಪಿ, ಟೈಮರನ್ನು ಹೊಂದಿಸಿ, ಆಮೇಲೆ ಅದರ ತಂಟೆಗೆ ಹೋಗದಿರುವುದೇ ದೊಡ್ಡ ಉಳಿತಾಯ.

ಮೂರನೆಯದು ನನಗೆ ಯಾರೂ ಹೇಳಿಕೊಡದ ವಿಷಯ. ಹೀಟಿಂಗ್ ಹಾಕಿದವರು ಇಪ್ಪತ್ತು ನಿಮಿಷ ಏನೋ ಹೇಳಿ, ದಪ್ಪ ಪುಸ್ತಕ ಕೈಗಿಟ್ಟು ಹೋದರು. ರೇಡಿಯೇಟರುಗಳಿಗೆ ಹೋಗುವ ನೀರಿನ ಬಿಸಿಯನ್ನು 75 ಡಿಗ್ರಿಗೆ ಇಟ್ಟು ಹೋಗಿದ್ದರು. ಇಂಗ್ಲೆಂಡಿನಲ್ಲಿ 2005ರಿಂದ ಹಾಕುತ್ತಿರುವ ಬಾಯ್ಲರುಗಳು ಬಹುತೇಕ ಕಂಡೆನ್ಸಿಂಗ್ ಬಾಯ್ಲರುಗಳು. ಅನಿಲ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ರೇಡಿಯೇಟರುಗಳಿಂದ ಹಿಂತಿರುಗಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ, ಆ ಆವಿ ಬಾಯ್ಲರಿನೊಳಗೇ ನೀರಾಗಿ ತನ್ನ ಬಿಸಿಯನ್ನು ನಮಗೆ ಬಿಟ್ಟುಕೊಡುತ್ತದೆ. ನೀರು ಅದಕ್ಕಿಂತ ಬಿಸಿಯಾಗಿದ್ದರೆ ಆ ಬಿಸಿ ಹೊಗೆಕೊಳವೆಯಿಂದ ಆಕಾಶಕ್ಕೆ. ಅಂದರೆ ದುಬಾರಿ ಬಾಯ್ಲರ್ ಕೊಂಡು ಹಳೆಯದರಂತೆ ಓಡಿಸಿದ ಹಾಗೆ. ನಾನು 60ಕ್ಕೆ ಇಳಿಸಿದೆ.

ಇದನ್ನು ಅಮ್ಮನಿಗೆ ವಿವರಿಸಲು ಹೋದೆ. ಅವರಿಗೆ ನನಗಿಂತ ಬೇಗ ಅರ್ಥವಾಯಿತು. "ಬಚ್ಚಲ ಹಂಡೆ ಹಾಗೆ ಅನ್ನು. ಧಗಧಗ ಉರಿ ಹಾಕಿದ್ರೆ ಕಟ್ಟಿಗೆ ಖರ್ಚು, ಬಿಸಿ ಎಲ್ಲ ಹೊಗೆ ಜೊತೆ ಹೋಗ್ತದೆ. ಒಂದು ದಪ್ಪ ಕುಂಟೆ ಇಟ್ರೆ ನಿಧಾನಕ್ಕೆ ಕಾಯ್ತದೆ" ಎಂದರು. ಅಷ್ಟೇ ವಿಷಯ. ಹಾಗೆಂದು ಹಗಲೂ ರಾತ್ರಿ ಉರಿಸಿ ಎಂದು ಯಾರೂ ತಿಳಿಯಬಾರದು; ಮನೆಯಲ್ಲಿ ಯಾರೂ ಇಲ್ಲದಾಗ ಬಿಸಿ ಯಾರಿಗೆ? ಕೋಣೆ ಬೆಚ್ಚಗಾಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಆದ್ದರಿಂದ ಟೈಮರನ್ನು ಅರ್ಧ ಗಂಟೆ ಮುಂಚೆ ಇಡಬೇಕು. ಕಡು ಚಳಿಯಲ್ಲಿ ಸಾಲದೆ ಹೋದರೆ ಮತ್ತೆ ಏರಿಸಬೇಕು. ಬಿಸಿನೀರು ತುಂಬಿಡುವ ಸಿಲಿಂಡರ್ ಇರುವ ಮನೆಯವರು ಮಾತ್ರ ತಾವಾಗಿಯೇ ಇಳಿಸಬಾರದು. ಸಿಲಿಂಡರಿನ ನೀರು 60 ಡಿಗ್ರಿಯಲ್ಲಿರಬೇಕು, ಇಲ್ಲದಿದ್ದರೆ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. ಅವರು ತಿಳಿದವರನ್ನು ಕೇಳಿ ಮಾಡಲಿ.

ನಾಲ್ಕನೆಯದು ತೇವ. ನಮ್ಮ ಅಡಿಗೆಯಲ್ಲಿ ಆವಿ ಹೆಚ್ಚು. ಕುಕ್ಕರ್ ಕೂಗುತ್ತದೆ, ಸಾರು ಕುದಿಯುತ್ತದೆ, ಇಡ್ಲಿ ಬೇಯುತ್ತದೆ. ಚಳಿ ಎಂದು ಕಿಟಕಿ ಮುಚ್ಚಿರುತ್ತೇವೆ, ಒದ್ದೆ ಬಟ್ಟೆಯನ್ನು ರೇಡಿಯೇಟರಿನ ಮೇಲೆ ಹರಡುತ್ತೇವೆ. ಆ ನೀರೆಲ್ಲ ಎಲ್ಲಿಗೆ ಹೋಗಬೇಕು? ಬಿಸಿಯಿಲ್ಲದ ಮಲಗುವ ಕೋಣೆಯ ಗೋಡೆಗೆ. ಅಲ್ಲಿ ಕಪ್ಪು ಬೂಷ್ಟು. 2020ರಲ್ಲಿ ರಾಚ್‌ಡೇಲ್‌ನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಮನೆಯ ಬೂಷ್ಟೇ ಕಾರಣವೆಂದು 2022ರ ವಿಚಾರಣೆಯಲ್ಲಿ ತೀರ್ಮಾನವಾಯಿತು. ಅಲ್ಲಿ ತಂದೆತಾಯಿ ದೂರು ಕೊಟ್ಟಿದ್ದರೂ ಮನೆಯ ದುರಸ್ತಿ ಆಗಿರಲಿಲ್ಲ, ತಪ್ಪು ಅವರದಲ್ಲ. ನಾನು ಹೇಳುವುದಿಷ್ಟೇ: ಬೂಷ್ಟನ್ನು ಬರೀ ಗೋಡೆಯ ಕೊಳೆ ಎಂದು ಬಣ್ಣ ಬಳಿದು ಸುಮ್ಮನಿರಬೇಡಿ. ಅಡಿಗೆ ಮಾಡುವಾಗ ಫ್ಯಾನ್ ಹಾಕಿ, ದಿನಕ್ಕೆ ಹತ್ತು ನಿಮಿಷ ಕಿಟಕಿ ತೆರೆಯಿರಿ, ಕೋಣೆಗಳನ್ನು ಪೂರ್ತಿ ತಣ್ಣಗಾಗಲು ಬಿಡಬೇಡಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ.

ಗಾಳಿ ಬರುತ್ತದೆಂದು ಗೋಡೆಯ ಗಾಳಿಕಂಡಿಗೆ ಟೇಪ್ ಅಂಟಿಸುವ ಜಾಣರೂ ನಮ್ಮಲ್ಲಿದ್ದಾರೆ. ಹಳೆಯ ಗ್ಯಾಸ್ ಫೈರ್ ಇರುವ ಕೋಣೆಯಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಅನಿಲ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತದೆಂದರೆ ಫ್ಲೂ ಎಂದು ಕಷಾಯ ಕುಡಿದು ಮಲಗಬೇಡಿ. ಉಪಕರಣ ಆರಿಸಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ, ವೈದ್ಯರನ್ನು ಕಾಣಿ. ಅಲಾರಂ ಬೆಲೆ ನಮ್ಮ ಒಂದು ಹೋಟೆಲ್ ಊಟಕ್ಕಿಂತ ಹೆಚ್ಚಿಲ್ಲ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರಿನಿಂದ ಬಾಯ್ಲರ್ ಇರುವ ಕೋಣೆಗೆ ಅದನ್ನು ಹಾಕಿಕೊಡುವುದು ಬಾಡಿಗೆ ಮನೆಯ ಮಾಲೀಕರ ಕರ್ತವ್ಯವೂ ಹೌದು. ಬಾಯ್ಲರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಮುಟ್ಟುವವರು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರುವವರೇ ಆಗಿರಲಿ. 2009ರಿಂದ ಕೋರ್ಗಿ ಬದಲು ಇದೇ ನಡೆಯುತ್ತಿದೆ. "ನಮ್ಮ ಪರಿಚಯದವರೊಬ್ಬರು ಅರ್ಧ ದುಡ್ಡಿಗೆ ಮಾಡುತ್ತಾರೆ" ಎಂಬ ಮಾತು ಅಡಿಗೆಯವರಿಗೆ ಸರಿ, ಗ್ಯಾಸಿಗೆ ಸಲ್ಲದು.

ನನ್ನ ಎದುರು ಪಕ್ಷದವರೂ ಇದ್ದಾರೆ. ಜನವರಿಯಲ್ಲಿ ಮನೆಯನ್ನು 25ಕ್ಕೆ ಕಾಯಿಸಿ ಬನಿಯನ್ ಹಾಕಿಕೊಂಡು ಓಡಾಡುವವರು. ಅವರನ್ನು ನಾನು ವಹಿಸಿಕೊಳ್ಳುವುದಿಲ್ಲ. "ಸರ್ಕಾರದ ಪ್ರೈಸ್ ಕ್ಯಾಪ್ ಇದೆಯಲ್ಲ, ಅದಕ್ಕಿಂತ ಹೆಚ್ಚು ಬಿಲ್ ಬರುವುದಿಲ್ಲ" ಎಂದು ಒಬ್ಬರು ನನಗೆ ಧೈರ್ಯ ಹೇಳಿದರು. 2019ರ ಜನವರಿಯಿಂದ ಇರುವ ಆ ಮಿತಿ ಯೂನಿಟ್ಟಿನ ದರಕ್ಕೆ ಮತ್ತು ದಿನದ ಶುಲ್ಕಕ್ಕೆ ಮಾತ್ರ, ಒಟ್ಟು ಬಿಲ್ಲಿಗಲ್ಲ. ಹೆಚ್ಚು ಉರಿಸಿದರೆ ಹೆಚ್ಚು ಕೊಡಬೇಕು. ಸ್ವೆಟರ್ ಹಾಕಿಕೊಳ್ಳುವುದು ಒಳ್ಳೆಯದೇ. ಸ್ವೆಟರ್ ಹಾಕಿಯೂ ಉಸಿರು ಹೊಗೆಯಂತೆ ಕಾಣುವ ಮನೆ ಒಳ್ಳೆಯದಲ್ಲ.

ಕೊನೆಯದಾಗಿ ಸಂಘಕ್ಕೆ ನನ್ನ ಮೂರು ವಿನಂತಿ.

ಒಂದು, "ಹೀಟಿಂಗ್ ಯಾವಾಗ ಹಾಕಿದಿರಿ?" ಎಂಬ ಪ್ರಶ್ನೆಯನ್ನು ನಾವು ಕೇಳುವುದು ಬಿಡೋಣ. ಕೇಳಲೇಬೇಕೆಂದರೆ "ಅಮ್ಮನ ಕೋಣೆ ಎಷ್ಟು ಡಿಗ್ರಿ ಇದೆ?" ಎಂದು ಕೇಳೋಣ.

ಎರಡು, ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಒಬ್ಬರ ಮನೆಯಲ್ಲಿ ಸೇರಿ ಟೈಮರ್ ಹೊಂದಿಸುವುದು, ರೇಡಿಯೇಟರಿನ ಗಾಳಿ ಬಿಡಿಸುವುದು, ಬಾಯ್ಲರಿನ ಒತ್ತಡದ ಮುಳ್ಳು 1ಕ್ಕೂ 1.5ಕ್ಕೂ ನಡುವೆ ಇದೆಯೇ ಎಂದು ನೋಡುವುದು, ಇಂಥ ಸಣ್ಣ ಕೆಲಸಗಳನ್ನು ಹೊಸಬರಿಗೆ ಕನ್ನಡದಲ್ಲೇ ತೋರಿಸಿಕೊಡೋಣ. ನಮ್ಮ ಮನೆಯನ್ನೇ ಬಿಟ್ಟುಕೊಡಲು ನಾನು ಸಿದ್ಧ. ಊರಿನಿಂದ ಬಂದ ಹಿರಿಯರನ್ನೂ ಕರೆತನ್ನಿ. ರಾತ್ರಿ ಕೊಳವೆಗಳು ಟಕಟಕ ಎಂದರೆ ಕಳ್ಳರಲ್ಲ, ಬಿಸಿಗೆ ಲೋಹ ಹಿಗ್ಗುವುದು ಎಂದು ಅವರಿಗೂ ತಿಳಿಯಲಿ. ನಮ್ಮ ಅಮ್ಮ ಎರಡು ರಾತ್ರಿ ನಿದ್ದೆಯಿಲ್ಲದೆ ಎದ್ದು ಕೂತಿದ್ದರು.

ಮೂರು, ನಿಜವಾಗಿ ಕಷ್ಟದಲ್ಲಿರುವ ಸದಸ್ಯರಿಗೆ ಕಾರ್ಯಕಾರಿ ಸಮಿತಿ ಹೆಸರು ಹೊರಬೀಳದಂತೆ ನೆರವಾಗಲಿ. ದೀಪಾವಳಿಗೆ ಎರಡು ಬಗೆಯ ಸಿಹಿಯ ಬದಲು ಒಂದು ಮಾಡಿದರೂ ಆಯಿತು.

ಅಮ್ಮ ಈ ತಿಂಗಳ ಕೊನೆಗೆ ಊರಿಗೆ ಹೊರಡುತ್ತಾರೆ. ಕೆಮ್ಮು ಹೋಗಿದೆ. ಅವರ ಕೋಣೆ ಈಗ 20 ಡಿಗ್ರಿ, ಅಂಕಿ ನೋಡುವ ಕೆಲಸ ಅವರದೇ. ಮೊನ್ನೆ ಬಂದ ಬಿಲ್ಲನ್ನು ಅವರ ಎದುರೇ ಬಿಡಿಸಿ ಮೊತ್ತ ಓದಿ ಹೇಳಿದೆ. ರೂಪಾಯಿಗೆ ಪರಿವರ್ತಿಸಿ ಒಮ್ಮೆ "ಅಯ್ಯೋ" ಎಂದರು. ಆಮೇಲೆ, "ಕೊಡು, ಏನಾಗ್ತದೆ. ಬರುವ ವರ್ಷ ನಿನ್ನ ಅತ್ತೆ ಬರ್ತಾರಲ್ಲ, ಅವರ ಮುಂದೆ ಆ ಭಾಷಣ ಮಾತ್ರ ಮಾಡ್ಬೇಡ" ಎಂದರು.

ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ನೀವೂ ಕೊಡಿ.

ಇತಿ ನಿಮ್ಮವ,
ಸಂಘದ ಓರ್ವ ಸದಸ್ಯ